ನಾಲ್ಕು ತಿಂಗಳ ಸುಣ್ಣ

...ಅಲ್ಲ, ಇದು ಕೆಟ್ಟಿದ್ದು ನೀರಿಂದಲೇ ಕಣಪ್ಪ ಗುರುಕಿರಣ್, ಇನ್ಯಾತರಿಂದ? ಬಿಚ್ಚು, ಬಿಚ್ಚಿ ನೋಡು. ಹೋದ್ಸಲಾನೂ ನೀನೇ ಬಂದು ಈ ವಾಷಿಂಗ್ ಮೆಷಿನ್ನಿಗೆ ನೀರು ಕಾಯಿಸೋ ಹೊಸ ಕಾಯಿಲ್ ಹಾಕಿ ಹೋದೆ. ಇನ್ನೆರಡು ವರ್ಷ ತಲೆ ಕೆಡಿಸ್ಕೋಬೇಡಿ ಅಮ್ಮ ಅಂದಿದ್ದೆ. ಎರಡು ವರ್ಷವಂತೆ! ನಾಲ್ಕು ತಿಂಗಳಿಗೇ ಗೊಟಕ್ ಅಂತು. ಈ ಬೋರ್ ನೀರಿಗಿಷ್ಟು ಬೆಂಕಿ ಹಾಕ. ಕುಡಿಯೋಕೆ ಎರಡು ಬಿಂದಿಗೆ ಕಾವೇರಿ ನೀರು ಬಂದ್ರೆ ಹೆಚ್ಚು, ಮಿಕ್ಕಿದ್ದಕ್ಕೆಲ್ಲ ಈ ಸೌಳು ನೀರೇ ಗತಿ.

ಯಾಕೆ ನಗ್ತೀಯಾ? ಓ, ಈ ಗುಳಿ ನೋಡಿ ನಗ್ತಿದ್ದೀಯಾ. ನಾನೇ ಒದ್ದಿದ್ದು ಕಣೋ. ಈ ವಯಸ್ಸಲ್ಲಿ ಕಾಲಲ್ಲಿ ಒದ್ದೆ, ಹೆಬ್ಬೆರಳು ನೋಡು ಎಷ್ಟು ಊದ್ಕೊಂಡಿದೆ. ಒದ್ದಿದ್ದಕ್ಕೂ ಜಗ್ಗಲಿಲ್ಲ, ಆಮೇಲೆ ಲಟ್ಟಣಿಗೆ ತಗೊಂಡು ನೆತ್ತಿ ಮೇಲೆ ಬಾರಿಸ್ದೆ. ಲಟ್ಟಣಿಗೆ ಮುರೀತು, ಇದು ಮುಕ್ಕಾಗ್ಲಿಲ್ಲ. ಕೊಂದ್ಬುಡೋಣ ಅನ್ನಿಸ್ತು ಇದನ್ನ.

ನಾಳೆ ಅಂದ್ರೆ ಆಗಲ್ಲಪ್ಪ. ಈಗಲೇ ಓಡ್ಬೇಕು. ನೀನು ಬೈಕ್ ನಿಲ್ಲಿಸ್ಬೇಕಾದ್ರೆ ಗೇಟಲ್ಲಿ ಸಿಕ್ಕಿದ್ನಲ್ಲ, ಅವನೇ ನನ್ನ ಮಗ, ಅಮರೇಶ. ಮೇಟಗಳ್ಳಿ ಫ್ಯಾಕ್ಟರೀಲಿ ಬೆಳಗಿನ ಶಿಫ್ಟು. ಇವತ್ತು ಮುಖ ಗಂಟು ಹಾಕ್ಕೊಂಡೇ ಬಂದ, ಸೀದಾ ಮಹಡಿ ಹತ್ತಿ ಹೋದ. ಸೊಸೆ ಶಿಲ್ಪಶ್ರೀನೂ ಮೇಲೇ ಇದ್ದಾಳೆ. ಅದಕ್ಕೇ ಹೇಳ್ತಿರೋದು, ಬೇಗ ಬೇಗ.

ನೀರು ಏನೇನು ಮಾಡಿದೆ ಗೊತ್ತಾ ನಿನಗೆ? ಗೀಸರ್ ಕಾಯಿಲ್ ಸೀಳ್ಕೊಂಡು ಅವಳಿಗೆ ಶಾಕ್ ಹೊಡೀತು. ಮೊಣಕೈಯಿಂದ ಭುಜದವರೆಗೂ ಕಪ್ಪುಗಟ್ಟಿತ್ತು, ವಾರ ಪೂರ್ತಿ. ಕೂದಲು ಹಿಡಿ ಹಿಡಿ ಕಿತ್ತು ಬರುತ್ತೆ ಪಾಪ, ಇಲ್ಲಿ, ಈ ಕಿವಿ ಹಿಂದೆ ಬೋಳಾಗಿ ಹೋಗಿದೆ. ನೀರು ಕಣಪ್ಪ, ನೀರು. ಇಸ್ತ್ರಿಪೆಟ್ಟಿಗೆ ತೂತುಗಳೆಲ್ಲ ಸುಣ್ಣ ಕಟ್ಕೊಂಡು, ಒಂದಿನ ಭುಸ್ ಅಂತ ಬಿಸಿ ಹಬೆ ಕಾರಿ ಅವಳ ಕುತ್ತಿಗೆ ಬೆಂದು ಹೋಯ್ತು.

ಏನು ನೋಡ್ತೀಯಾ? ಇಸ್ತ್ರಿಪೆಟ್ಟಿಗೆ ಕುತ್ತಿಗೆ ಹತ್ರ ಯಾಕೆ ಹೋಯ್ತು ಅಂತಾನಾ? ಬಗ್ಗಿ ಇಸ್ತ್ರಿ ಮಾಡ್ತಿದ್ಲಪ್ಪ. ಬಗ್ಗಿದ್ದಳು... ನಿನ್ನ ಕೆಲಸ ನೋಡು ನೀನು.

ಹಾಂ, ಬಂತಾ ಕಾಯಿಲ್? ನೋಡಿದ್ಯಾ, ನೋಡಿದ್ಯಾ, ಹೆಬ್ಬೆರಳು ಗಾತ್ರ ಸುಣ್ಣ ಹತ್ತಿದೆ. ನಾನು ಹೇಳ್ಲಿಲ್ವಾ? ಏನು... ನಾಲ್ಕು ತಿಂಗಳಿಗೆ ಇಷ್ಟು ಹತ್ತಲ್ವಾ? ದಿನಕ್ಕೆ ಎಷ್ಟು ಸಲ ಹಾಕ್ತೀವಿ ಅಂದ್ರೆ... ಮೂರು ಜನದ ಬಟ್ಟೆ, ಎರಡು ದಿನಕ್ಕೊಂದ್ಸಲ. ಬೆಡ್‌ಶೀಟು ಅದೂ ಇದೂ ಇರುತ್ತಲ್ಲ. ಪ್ರೇಮಲೀಲಮ್ಮನ ಮನೇಲಿ ಮೆಷಿನ್ನು ನಿಲ್ಲೋದೇ ಇಲ್ಲ ಅಂತ ಬೀದಿಯವರೇ ಆಡ್ಕೊಳ್ತಾರೆ. ನನಗೆ ಮಡಿ ಜಾಸ್ತಿ ಅಂತ ಅವರ ಲೆಕ್ಕ. ಅಂದ್ಕೊಳ್ಳಲಿ.

ಆ ಸೋಪಿನ ಡಬ್ಬಿ ಯಾಕೆ ಎಳೆದೆ? ಸೋಪು ಹಾಕ್ತೀನಪ್ಪ. ಹಾಕಿದ್ದೆ. ಕೆಲವು ಸಲ ಮರ್ತು ಹೋಗುತ್ತೆ... ಫಿಲ್ಟರಲ್ಲಿ ಒಂದು ದಾರದ ಎಳೆ ಇಲ್ದಿದ್ರೆ ಏನೀಗ? ಒಳ್ಳೆ ಬಟ್ಟೆ, ದಾರ ಬಿಡಲ್ಲ. ಅದನ್ನ ಒಳಗೇ ಬಿಡು! ಮುಟ್ಬೇಡ ಅಂದೆ. ಅಮರೇಶನ ಹಳೇ ಫ್ಯಾಕ್ಟರಿ ಶೂ ಅದು, ಮುಂದೆ ಕಬ್ಬಿಣ ಇರುತ್ತಲ್ಲ, ಅದು. ತೊಳೆಯೋಕೆ ಹಾಕಿದ್ದೆ. ಡ್ರಮ್ಮು ಅದಕ್ಕೇ ಜಜ್ಜಿ ಹೋಗಿದ್ಯಾ? ಇರಬಹುದು.

...

ಮೇಲೆ ಏನೂ ಇಲ್ಲ. ಮಂಚ ಎಳೆದಿರ್ತಾರೆ. ತಲೆ ಎತ್ಬೇಡ, ಕಾಯಿಲ್ ಹಾಕು. ಹೊಸದು ಇಲ್ವಾ? ಹಳೇದೇ ಸಿಗಿಸಪ್ಪ. ಬಿಸಿನೀರು ಬೇಡ ನನಗೆ, ತಿರುಗಿದ್ರೆ ಸಾಕು, ಸದ್ದು ಬಂದ್ರೆ ಸಾಕು. ಬಟ್ಟೆ? ಬಟ್ಟೆ ಬೇಡ, ಹಂಗೇ ಓಡ್ಸು, ಆ ಶೂ ಹಾಕಿ ಓಡ್ಸು. ಸ್ವಿಚ್ ಹಾಕು ಅಂದ್ರೆ... ಯಾಕೆ ಪ್ಲಗ್ಗು ಕೈಲಿ ಹಿಡ್ಕೊಂಡು ಕೂತೆ? ಕೊಡು ಇಲ್ಲಿ. ಕೊಡೋ! ಕೈ ಬಿಡು ನಂದು.

...ಗೋಡೆಗೆ ಬಿತ್ತಲ್ಲ, ಅದು ಅವಳ ತಲೆ.

ನನ್ನ ಮಗ ಒಳ್ಳೆಯವನು ಕಣಪ್ಪ. ನನ್ನ ಮೇಲೆ ಒಂದಿನ ಕೈ ಎತ್ತಿಲ್ಲ. ಮದುವೆಗೆ ಮುಂಚೆ ಬಾಯಲ್ಲಿ ಬೆರಳಿಟ್ರೂ ಕಚ್ತಿರಲಿಲ್ಲ, ನಿಜವಾಗಲೂ. ಮೊದಮೊದಲು ತಿಂಗಳಿಗೊಂದ್ಸಲ ಇತ್ತು. ಆಮೇಲೆ ವಾರಕ್ಕೆ. ಈಗ ದಿನಾ... ಕೆಲವು ದಿನ ಎರಡು ಸಲ. ಪಕ್ಕದ ಮನೆ ಗೋಡೆ ಅಂಟ್ಕೊಂಡೇ ಇದೆ. ಕೇಳಿಸಿದ್ರೆ ಮಾನ ಹೋಗಲ್ವಾ? ಪೊಲೀಸ್ನೋರು ಬಂದ್ರೆ ಅವನ ಕೆಲಸ ಹೋಗಲ್ವಾ? ಖಾಲಿ ಓಡಿಸಿದ್ರೆ ಸದ್ದು ಸಾಲ್ತಿರಲಿಲ್ಲ. ಅದಕ್ಕೇ ಶೂ ಹಾಕ್ದೆ. ಬಿಸಿನೀರಿಗೆ ತಿರುಗಿಸಿದ್ರೆ ಜಾಸ್ತಿ ಹೊತ್ತು ಓಡುತ್ತೆ, ಎರಡೂವರೆ ಗಂಟೆ. ಅಷ್ಟೊತ್ತಿಗೆ ಅವನು ಸುಸ್ತಾಗಿ ಮಲಗಿರ್ತಾನೆ.

ಬೈ ಬೇಕಾದ್ರೆ. ಥೂ ಅಂತ ಉಗಿ. ಎಲ್ಲಿಗೆ ಹೊರಟೆ? ಗಂಡ ಹೆಂಡ್ತಿ ವಿಷಯ ಅದು, ನಿನಗ್ಯಾಕೆ? ಅವನ ಕೈಗೆ ಸಿಕ್ಕಿದ್ರೆ ನಿನ್ನೂ ಬಿಡಲ್ಲ, ಸಿಗಿದು ಹಾಕ್ತಾನೆ. ಮೆಟ್ಲು ಬಿಡಲ್ಲ ನಾನು. ನನ್ನ ದಾಟ್ಕೊಂಡು ಹೋಗ್ತೀಯಾ? ಹೋಗು ನೋಡೋಣ...

ಅಯ್ಯೋ ಶಿವನೇ. ಈಗ ಅವಳು ಕೂಗ್ತಾನೇ ಇಲ್ಲವಲ್ಲ.

ಹೋಗಪ್ಪ. ಹೋಗು, ಓಡು. ಆ ದೊಡ್ಡ ಸ್ಪ್ಯಾನರ್ ಎತ್ಕೊ. ಎಡಗಡೆ ರೂಮು. ಒಳಗಿಂದ ಚಿಲಕ ಹಾಕಿರ್ತಾನೆ, ಒಡೆದು ಹಾಕು, ನನ್ನ ಮನೆ ಬಾಗಿಲು ಅದು, ನಾನೇ ಹೇಳ್ತಿದ್ದೀನಿ ಒಡಿ. ಅವನಿಗೆ ಏಟು ಬಿದ್ರೂ ಬೀಳಲಿ. ನೀನು ಮುಂದೆ ಹೋಗು, ಬರ್ತೀನಿ, ಹಿಂದೇನೇ ಬರ್ತೀನಿ.

ಗುರುಕಿರಣ್, ಒಂದು ಮಾತು. ಹೋದ ವಾರ ಅವಳು ನನ್ನ ಕೇಳಿದ್ಲು, ಅತ್ತೆ, ನಾನು ಕೂಗೋದು ನಿಮಗೆ ಕೇಳಿಸೋದೇ ಇಲ್ವಾ ಅಂತ. ಮೆಷಿನ್ನು ಓಡ್ತಿರುತ್ತಲ್ಲಮ್ಮ, ಎಲ್ಲಿ ಕೇಳಿಸುತ್ತೆ ಅಂದೆ. ನಂಬಿಬುಟ್ಲು ಕಣಪ್ಪ. ಜೀವ ಇದ್ರೆ ಅವಳಿಗೆ ಹೇಳು. ಮೊದಲನೇ ಏಟು ಕೇಳಿಸಿದ ಮೇಲೇ ನಾನು ಎದ್ದು ಬಂದು ಸ್ವಿಚ್ ಹಾಕ್ತಿದ್ದಿದ್ದು.