ಉಗ್ರಾಣದ ಜಾಗದಲ್ಲಿ ಲಿಫ್ಟು

ರಿಪೇರಿಗೆ ಬಂದವರು ಯಾಕ್ರೀ ನಗ್ತೀರ? ನಾನೇನು ತಮಾಷೆ ಮಾಡ್ತಿದೀನಾ? ಲಿಫ್ಟಂತೆ ಲಿಫ್ಟು! ಗಾಜಿನ ಡಬ್ಬಿ ಅನ್ರೀ, ಸಾಕು. ನಿಮ್ಮ ಕಂಪನಿಯವರಿಗೆ ನಾಚಿಕೆಯಾದ್ರೂ ಆಗಲ್ವಾ?

ಮೊದಲು ಇಲ್ಲಿ ಏನಿತ್ತು ಗೊತ್ತಾ? ನನ್ನ ಉಗ್ರಾಣ. ಅದನ್ನ ಒಡೆದು, ಮೇಲಿನ ಸ್ಲ್ಯಾಬು ಕೊರೆದು, ನೆಲ ಅಗೆದು, ಎರಡು ಕಂಬಿ ನಿಲ್ಲಿಸಿದ್ರು. ಈಗ ನನ್ನ ಅಕ್ಕಿ ಡಬ್ಬ ಮಂಚದ ಕೆಳಗೆ! ಕೇಳೋರಿಲ್ಲ, ಹೇಳೋರಿಲ್ಲ.

ಇನ್ನು ನಮ್ಮ ಯಜಮಾನರ ಪಾಠ... ಅಬ್ಬಬ್ಬಾ! ಬಂದವರನ್ನೆಲ್ಲ ಇಲ್ಲೇ ನಿಲ್ಲಿಸಿಕೊಂಡು, "ಮೋಟಾರು ಎಣ್ಣೇನ ಒತ್ತುತ್ತೆ, ಎಣ್ಣೆ ಕೊಳವೆಯೊಳಗಿನ ದಂಡಾನ ಎತ್ತುತ್ತೆ, ದಂಡದ ಜೊತೆ ಡಬ್ಬೀನೂ ಏರುತ್ತೆ. ಇಳಿಯುವಾಗ ಎಣ್ಣೆ ವಾಪಸ್ ಟ್ಯಾಂಕಿಗೆ. ಬಾಗಿಲು ಟಿಕ್ ಅಂತ ಕೂರದಿದ್ರೆ ಅಲ್ಲಾಡಲ್ಲ. ಕರೆಂಟ್ ಹೋದ್ರೆ ಬ್ಯಾಟರಿ ಮೆಲ್ಲಗೆ ಇಳಿಸುತ್ತೆ..." ಮನೇಲಿ ಒಂದು ಬಲ್ಬ್ ಬದಲಾಯಿಸೋಕೆ ಬರಲ್ಲ ಈ ಮಹಾನುಭಾವರಿಗೆ!

ಯಾರಿಗೋಸ್ಕರ ಇಷ್ಟೆಲ್ಲ ಅಂತೀರ? ಅತ್ತೆಗೆ. ಸೊಂಟ ಮುರಿದು ಎರಡು ವರ್ಷ ಮಹಡಿ ಮೇಲೇ ಇದ್ರು, ಗಾಲಿಕುರ್ಚೀಲಿ. ಊಟ ಮೇಲೆ, ಟೀವಿ ಮೇಲೆ. ರಾಣಿ ಥರ ಇದ್ರಪ್ಪ! ಈಗ? ಬೆಳಗಾಗೋದೇ ತಡ, ಜುಮ್ಮಂತ ಇಳಿದು ಸೀದಾ ಅಡುಗೆಮನೆಗೆ. ಮುಚ್ಚಳ ತೆಗೆದು ಮೂಗು ತೂರಿಸಿ, "ಇದೇನಮ್ಮಾ, ನೀರು ನೀರು?" ಅದೂ ನನ್ನ ತವರಿನವರ ಎದುರಿಗೆ!

ಏನು ಮುಖ ನೋಡ್ತೀರ, ಕೆಲಸ ನೋಡಿ. ಹೇಳಿದ್ನಲ್ಲ... ಸೋಮವಾರ ಇವರು ಇದರಲ್ಲೇ ಇಳಿದು ಆಫೀಸಿಗೆ ಹೋದ್ರು. ಇವರು ಗೇಟು ದಾಟಿದ ಮೇಲೆ ಕೆಟ್ಟುಹೋಯ್ತು. ತನ್ನಷ್ಟಕ್ಕೇ! ಅತ್ತೆ ಮೇಲೆ, ಡಬ್ಬಿ ಕೆಳಗೆ. ನಾನಂತೂ ಇದರೊಳಗೆ ಈವರೆಗೂ ಕಾಲಿಟ್ಟವಳಲ್ಲ. ಸಂಜೆ ಬಂದು ಇವರೂ ಹೊರಗಿನ ಬಟನ್ ಒತ್ತಿದ್ದೇ ಒತ್ತಿದ್ದು! ಅದಕ್ಕೇ ಹೇಳ್ತೀನಿ, ರಿಪೇರಿ ಆಗಲ್ಲ ಅಂತ ಇವರಿಗೊಂದು ಫೋನ್ ಮಾಡಿಬಿಡಿ. ಪೀಡೆ ತೊಲಗಲಿ.

ಅಲ್ಲೇನ್ರೀ ಬೆರಳು ತೋರಿಸ್ತಿದೀರ? ಡಬ್ಬಿ ಒಳಗಿನ ಕೆಂಪು ಬಟನ್ನಾ? ಒಳಗೆ ಹೋಗಿ ಕೂತಿದೆ, ಹೂಂ... ಅದನ್ನ ಒತ್ತಿದ್ರೆ ಎಲ್ಲ ಬಂದ್ ಆಗುತ್ತಾ? ನೋಡಿದ್ರಾ! ಅತ್ತೇದೇ ಕೆಲಸ! ಕೈ ಸುಮ್ಮನಿರುತ್ತಾ ಆ ಮುದುಕಿಗೆ?

ಯಾಕೆ... ಯಾಕೆ ಮೇಲೆ ನೋಡ್ತೀರ? ಹೌದು, ಅತ್ತೆ ಮೇಲಿದ್ರು ಅಂದೆ. ಹಾಗಾದ್ರೆ ಇವರ ಬ್ಯಾಗು ತಗುಲಿರಬೇಕು. ಅಲ್ಲ, ತಗುಲಿದ್ರೆಲ್ಲ ಹೋಗಲ್ಲ ಅದು, ಹೆಬ್ಬೆರಳಿಟ್ಟು ಗಟ್ಟಿಯಾಗಿ ಅದುಮಬೇಕು, ನನಗೇ ಬೆರಳು ನೋ...

ಏನ್ರೀ ಹಾಗೆ ನೋಡ್ತೀರ?



ಎರಡು ವರ್ಷ ಕಣ್ರೀ! ಎರಡೇ ಎರಡು ವರ್ಷ ಆ ಒಲೆ ನನ್ನದಾಗಿತ್ತು. ಉಪ್ಪು ಹೆಚ್ಚಾದ್ರೂ ನಂದು, ಕಮ್ಮಿ ಆದ್ರೂ ನಂದು. ನಿಮಗೇನು ಗೊತ್ತಾಗುತ್ತೆ, ಸ್ಕ್ರೂ ತಿರುಗಿಸೋರಿಗೆ! ಊಟ ಕೊಟ್ಟಿದೀನಿ, ಔಷಧಿ ಕೊಟ್ಟಿದೀನಿ... ಮೂರು ದಿನ ಮೇಲಿದ್ರೆ ಏನು ಗಂಟು ಹೋಗುತ್ತೆ?

ಬೇಡ, ಆ ಬಟನ್ ತಿರುಗಿಸಿ ಬಿಡಿಸಬೇಡಿ. ರೀ... ದಮ್ಮಯ್ಯ, ಇವತ್ತೊಂದಿನ...

ಅಯ್ಯೋ, ಲೈಟು ಬಂತಲ್ಲ! ಹೊರಗೆ ಬಂದು ಬಾಗಿಲೂ ಹಾಕಿಬಿಟ್ರಾ? ಮೇಲಕ್ಕೆ ಹೊರಟೇಬಿಡ್ತು... ಅತ್ತೆ ಬಾಗಿಲಲ್ಲೇ ಕೂತಿದ್ರು ಅನ್ಸುತ್ತೆ, ಬಟನ್ ಮೇಲೆ ಕೈಯಿಟ್ಕೊಂಡು.

ಇಳೀತಾ ಇದ್ದಾರೆ. ಏನಾಗಿತ್ತು ಅಂತ ನಿಮ್ಮನ್ನೇ ಕೇಳ್ತಾರೆ, ಕೇಳದೆ ಬಿಡೋರಲ್ಲ. ಏನು ಹೇಳ್ತೀರ? ಅಣ್ಣಾ... ಏನು ಹೇಳ್ತೀರ?