ತಿರುವಿ ನೋಡದ ಗೈಡು

ಪುಣೆಯ ಬಿಬವೇವಾಡಿ ಬಸ್ ಸ್ಟಾಪಿನಲ್ಲಿ ಸುತ್ತಲೂ ಮರಾಠಿಯೇ. ಬೆನ್ನ ಹಿಂದೆ ಕನ್ನಡದಲ್ಲಿ ಜಗಳ ಕೇಳಿದ್ದೇ ತಡ, ಕೆಲಸಕ್ಕೆ ಹೊರಟಿದ್ದ ಗುಮಾಸ್ತ ಮುರುಗೆಪ್ಪನ ಕಿವಿ ನೆಟ್ಟಗಾಯಿತು. ವಾರೆಗಣ್ಣಿನಿಂದ ನೋಡಿದರೆ ತಂದೆ, ಮಗಳು. ಮಗಳ ಸರ್ಟಿಫಿಕೇಟುಗಳ ಫೈಲು ತಂದೆಯ ಕಂಕುಳಲ್ಲಿತ್ತು.

“ನೆಟ್ ಪರೀಕ್ಷಾ ಪಾಸಾತು. ಶಿರೂರಿನ ಕಾಲೇಜಿನವ್ರು ಕರದು ನೌಕರಿ ಕೊಡಾಕತ್ತಾರ. ಇನ್ನೇನ ಬೇಕ, ಭುವನಾ?”

“ನಾ ಪಿಎಚ್‌ಡಿ ಮಾಡ್ತೀನಪ್ಪಾ. ಗೈಡ್ ಸಿಗೂದ ಭಾಳ ಕಷ್ಟ. ಇವತ್ತ ಬಿಟ್ರ ಮತ್ತ ಸಿಗೂದಿಲ್ಲ.”

“ಯಾಕ ಸಿಗೂದಿಲ್ಲ? ಅಲ್ಲೇ ಅಪ್ಪಾ ಬಳವಂತ ಚೌಕದಾಗ ಪುಸ್ತಕದಂಗಡಿ ತುಂಬ ಅದಾವ. ಹತ್ತನೇತ್ತಕ್ಕ ಎಲ್ಲಾ ಗೈಡು ನಾನ ತಂದಕೊಟ್ಟಿದ್ನಿಲ್ಲ?”

“ಅವು ಪುಸ್ತಕಪ್ಪಾ! ಈ ಗೈಡ್ ಅಂದ್ರ ಮನಷ್ಯಾರು. ಸಂಶೋಧನಾ ಮಾಡಸೂ ಮೇಡಂ. ಇವತ್ತ ಭೆಟ್ಟಿಗೆ ಕರದಾರ.”

ಕನ್ನಡ ತಿಳಿಯದ ಆ ಸಾಲಿನಲ್ಲಿ ಯಾರೂ ನಗಲಿಲ್ಲ. ತಂದೆಯ ಮುಖ ಮಾತ್ರ ಕೆಂಪೇರಿತು.

“ಶಿರೂರಿನವ್ರಿಗೆ ನಾ ಮಾತ ಕೊಟ್ಟೀನಿ.”

“ಅವ್ರು ಕೇಳಿದ್ದು ನನ್ನ. ನೀ ಯಾಕ ಹೂಂ ಅಂದಿ?”

“ಅಂದ್ರ ನನ್ನ ಮಾತಿಗೆ ಕಿಮ್ಮತ್ತಿಲ್ಲ?”

“ಫೈಲ್ ಕೊಡು.”

“ಕೊಡೂದಿಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಮಗಳು ಹಿಂದಿರುಗಿಯೂ ನೋಡದೆ ಬರಿಗೈಲಿ ಹತ್ತಿಬಿಟ್ಟಳು. ‘ತಂಗೀ, ಫೈಲು!’ ಎಂಬ ಮಾತು ಮುರುಗೆಪ್ಪನ ನಾಲಿಗೆ ತುದಿಗೆ ಬಂದಿತ್ತು. ಅವನನ್ನು ಪಕ್ಕಕ್ಕೆ ತಳ್ಳಿ ತಂದೆಯೂ ಹತ್ತಿದ. ಸ್ಟಾಪಿನಲ್ಲೇ ಉಳಿದ ಮುರುಗೆಪ್ಪನಿಗೆ ಹೊರಟ ಬಸ್ಸಿನ ಕಿಟಕಿಯಿಂದ ತಂದೆಯ ಅದೇ ಗಡಸು ದನಿ ಕೇಳಿಸಿತು:

“ಅವಾಗ ಒಂದೊಂದು ಗೈಡೂ ತಿರುವಿ ನೋಡೇ ತರ್ತಿದ್ದೆ. ಇದನ್ನೂ ನೋಡ್ತೀನಿ. ಆ ಕಡೆ ಸರಿ, ನಾನೂ ಕುಂದರ್ತೀನಿ.”