ಎರಡನೇ ರಿಮೋಟ್

ಇದು ದೊಡ್ಡಮ್ಮನ ಮಗಳು ಅಶ್ಮಿತಾಗೆ ಆದದ್ದು. ಡೊಂಬಿವಲಿ ಈಸ್ಟಿನಲ್ಲಿ, ೨೦೦೮ರ ಡಿಸೆಂಬರಿನಲ್ಲಿ. ನಂಬದವರು ಈಗಲೇ ಎದ್ದುಹೋಗಿ ಮಲಗಬಹುದು.

ಆ ರಾತ್ರಿ ಅವಳು ಕಲ್ಯಾಣದಿಂದ ಲೋಕಲ್ ರೈಲು ಹಿಡಿದು ಬಂದಿಳಿದಾಗ ತುಂಬ ತಡವಾಗಿತ್ತು. ರಿಕ್ಷಾದವರು ಯಾರೂ ಒಳಗಲ್ಲಿಗೆ ಬರಲು ಒಪ್ಪಲಿಲ್ಲ. ನಡೆದಳು. ಬೆನ್ನಿನ ಶಾಲೆ ಬ್ಯಾಗಿನಲ್ಲಿ ಪುಸ್ತಕ ಇರಲಿಲ್ಲ. ಟವೆಲಿನಲ್ಲಿ ಸುತ್ತಿದ ವಿಡಿಯೋ ಗೇಮ್ ಇತ್ತು. ಗಲ್ಲಿಯ ತಿರುವಿನಲ್ಲಿ ಹಳೇ ಊರಿನ ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಸುತ್ತ ಏಳು ಮಾಳಿಗೆಯ ಕಟ್ಟಡಗಳು ಎದ್ದರೂ ಆ ಬಾವಿಯನ್ನು ಮುಚ್ಚುವ ಧೈರ್ಯ ಯಾವ ಬಿಲ್ಡರನಿಗೂ ಬಂದಿರಲಿಲ್ಲ.

ಅಲ್ಲಿಗೆ ಬಂದಾಗ ಬೆನ್ನ ಹಿಂದೆ ಸದ್ದು. ಟಿಕ್... ಟಿಕ್... ಜ್ಜೂಂ...

ನಿಂತಳು. ಸದ್ದೂ ನಿಂತಿತು. ನಡೆದಳು. ಟಿಕ್... ಟಿಕ್... ಜ್ಜೂಂ...

ತಿರುಗಿ ನೋಡಿದರೆ ಯಾರೂ ಇಲ್ಲ. ಸದ್ದು ಬರುತ್ತಿದ್ದದ್ದು ಬ್ಯಾಗಿನೊಳಗಿಂದ. ಸೀಡಿ ಹಾಕಿದಾಗ ಲೆನ್ಸ್ ಅದನ್ನು ಓದಲು ತಡಕಾಡುತ್ತದಲ್ಲ, ಅದೇ ಸದ್ದು. ಆದರೆ ಗೇಮ್‌ನೊಳಗೆ ಸೀಡಿಯೇ ಇರಲಿಲ್ಲ. ಕರೆಂಟಂತೂ ಎಲ್ಲಿಂದ ಬರಬೇಕು?

ಬೇರೆ ಯಾರಾದರೂ ಆಗಿದ್ದರೆ ಬ್ಯಾಗನ್ನು ಬಾವಿಕಟ್ಟೆಯಲ್ಲೇ ಎಸೆದು ಓಡುತ್ತಿದ್ದರು. ಅಶ್ಮಿತಾಗೆ ಮಾತು ಕಡಿಮೆ, ಹಟ ಜಾಸ್ತಿ. ಬ್ಯಾಗನ್ನು ಮುಂದೆ ತಂದು ಎದೆಗೆ ಅವುಚಿಕೊಂಡು ಹೆಜ್ಜೆ ಹಾಕಿದಳು. ಓಡಲಿಲ್ಲ.

ಆ ಗೇಮ್ ಎದುರು ಫ್ಲ್ಯಾಟಿನ ಪ್ರಥಮ್‌ನದು. ಮಳೆಗಾಲದಲ್ಲಿ ಡೆಂಗ್ಯೂ ಬಂತು, ಹುಡುಗ ಉಳಿಯಲಿಲ್ಲ. ಅವನ ಅಮ್ಮ ಸತ್ಯಭಾಮಾ ಆಂಟಿ, ಸುಮ್ಮನೆ ಧೂಳು ಹಿಡಿಯುವ ಬದಲು ಯಾರಾದರೂ ಆಡಲಿ ಅಂತ ತಾವೇ ತಂದು ಇವಳ ಕೈಯಲ್ಲಿಟ್ಟಿದ್ದರು. ಅಂದಿನಿಂದ ಒಂದೇ ಒಂದು ಸೀಡಿ ಓಡಿರಲಿಲ್ಲ. ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ, ಹಳೇ ಬನಿಯನ್ನಿನಿಂದ ನಡುವಿನಿಂದ ಅಂಚಿಗೆ ಒರೆಸಿದಳು. ಡಬ್ಬವನ್ನು ನೆಟ್ಟಗೆ ನಿಲ್ಲಿಸಿದಳು, ಕವುಚಿ ಹಾಕಿದಳು. ಪರದೆಯ ಮೇಲೆ ಬರುತ್ತಿದ್ದದ್ದು ಒಂದೇ ಸಾಲು: ಸೀಡಿ ಓದಲಾಗುತ್ತಿಲ್ಲ. ಕಲ್ಯಾಣ ಸ್ಟೇಷನ್ ಹತ್ತಿರದ ರಿಪೇರಿಯವನು ಮಾತ್ರ ಅದೇ ಸೀಡಿ ಹಾಕಿ, ಅವಳೆದುರೇ ನಾಲ್ಕು ಸಿಕ್ಸರ್ ಹೊಡೆದು ತೋರಿಸಿ, ಲೆನ್ಸ್ ಚೊಕ್ಕ ಇದೆ, ನಿಮ್ಮ ಮನೆ ಕರೆಂಟೇ ಸರಿ ಇಲ್ಲ ಅಂದಿದ್ದ.

ಬಾಗಿಲು ತೆರೆದ ಅವಳ ಅಮ್ಮ, ನಮ್ಮ ದೊಡ್ಡಮ್ಮ, ಪಿಸುದನಿಯಲ್ಲೇ ಬೈದರು. "ಎಂತ ಮಾರಾಯ್ತಿ, ಹೊತ್ತುಗೊತ್ತು ಉಂಟಾ ನಿನಗೆ? ತೀರಿಹೋದ ಹುಡುಗನ ಸಾಮಾನು. ಇವತ್ತು ನಡೆದ್ರೆ ನಡೆಯಿತು. ಇಲ್ಲಾಂದ್ರೆ ಬೆಳಿಗ್ಗೆ ನಾನೇ ಖಾಡಿಗೆ ಬಿಡ್ತೇನೆ."

ಅಮ್ಮ ಅಂದದ್ದನ್ನು ಮಾಡುವವರು. ಖಾಡಿ ಅಂದರೆ ಗಣಪತಿಯನ್ನು ಬಿಡುವ ಸಮುದ್ರದ ಹಿನ್ನೀರು; ಅದಕ್ಕೆ ಗೇಮ್ ಬಿಡುವುದು ಅವರಿಗೆ ದೊಡ್ಡದಲ್ಲ.

ಅಮ್ಮ ಮಲಗಿದ ಮೇಲೆ ಅಶ್ಮಿತಾ ಟಿವಿಯ ಧ್ವನಿ ತಗ್ಗಿಸಿ ಚಾಪೆ ಹಾಸಿಕೊಂಡು ಕುಳಿತಳು. ಕ್ರಿಕೆಟ್ ಸೀಡಿ ಹಾಕಿದಳು. ಆಡುವ ಎರಡು ರಿಮೋಟುಗಳಲ್ಲಿ ಒಂದನೆಯದನ್ನು ಕೈಗೆತ್ತಿಕೊಂಡಳು. ಸ್ಸರ್... ಟ್ರೇ ತಾನಾಗಿ ಹೊರಗೆ ಬಂತು. ಒಳಗೆ ತಳ್ಳಿದಳು. ಮತ್ತೆ... ಸ್ಸರ್. ಬೇಸತ್ತು ರಿಮೋಟನ್ನು ಎದುರಿಗೆ, ಚಾಪೆಯ ಆ ಕಡೆಗೆ ಹಾಕಿದಳು.

ಸ್ಸರ್... ಕ್ಲಕ್. ಟ್ರೇ ಮುಚ್ಚಿಕೊಂಡಿತು. ಜ್ಜೂಂ ಅಂತ ಸೀಡಿ ತಿರುಗಿತು. ಪರದೆಯಲ್ಲಿ ಹಸಿರು ಮೈದಾನ. ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಂಡು ನಿಂತ... ಕಾಯುತ್ತ.

ಚಾಪೆಯ ಆ ಕಡೆ ರಿಮೋಟಿನ ಗುಂಡಿ ತಾನಾಗಿ ಒತ್ತಿಕೊಂಡಿತು. ಟಿಕ್.

ಆಮೇಲೆ ಕಿವಿಯ ಹತ್ತಿರವೇ, ಪಿಸುಮಾತು. "ಚಲ್... ಬಾಲ್ ಡಾಲ್."

ಬಾಲ್ ಹಾಕು ಅನ್ನುತ್ತಿದ್ದ ಪ್ರಥಮ್‌ನ ದನಿ. ಮೇ ರಜೆ ಪೂರ್ತಿ ಕೇಳಿದ್ದ ದನಿ.

ಅಶ್ಮಿತಾಗೆ ಹೆದರಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಯಾಕೆಂದರೆ ಆ ರಜೆಯಲ್ಲಿ ಇವಳು ದಿನಾ ಅವನ ಮನೆಗೆ ಹೋಗಿ ಆಡಿದ್ದಳು. ಬ್ಯಾಟಿಂಗ್ ಯಾವಾಗಲೂ ಅವನದೇ. ಬೋಲಿಂಗ್ ಇವಳದು, ಎರಡನೇ ರಿಮೋಟಿನಲ್ಲಿ. ಅವನ ವಿಕೆಟ್ ತೆಗೆದಾಗಲೆಲ್ಲ ಮನೆಗೆ ಬಂದು ಅಪ್ಪನ ಹತ್ತಿರ ಜಂಬ ಕೊಚ್ಚಿದ್ದಳು. ರಜೆಯ ಕೊನೆಗೆ ಒಂದು ದಿನ ಕಸ ಗುಡಿಸಲು ಸತ್ಯಭಾಮಾ ಆಂಟಿ ಹಾಸಿಗೆ ಸರಿಸಿದರು. ಎರಡನೇ ರಿಮೋಟಿನ ವೈರಿನ ತುದಿ ಹಾಸಿಗೆಯಡಿಗೇ ಬಿದ್ದಿತ್ತು. ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಇಷ್ಟು ದಿನವೂ ಬಾಲ್ ಹಾಕುತ್ತಿದ್ದದ್ದು ಕಂಪ್ಯೂಟರ್. ಪ್ರಥಮ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಇವಳು ಆ ಮನೆಯ ಹೊಸ್ತಿಲು ತುಳಿದದ್ದು ಅವನು ಹೋದ ದಿನವೇ.

ಈಗ ಸತ್ತ ಮೇಲೂ ಬ್ಯಾಟ್ ಬಿಡುವುದಿಲ್ಲ ಅಂದರೆ?

ಮೊಣಕಾಲೂರಿ ಹೋಗಿ ಒಂದನೇ ರಿಮೋಟ್ ಹಿಡಿದಳು. ಬೆಚ್ಚಗಿತ್ತು. ಎಳೆದಳು... ಬರಲಿಲ್ಲ. ಆ ಕಡೆಯಿಂದ ಹಿಡಿದಂತೆ. ಎರಡೂ ಕೈ ಹಾಕಿ ಜಗ್ಗಿದಳು. ಬಂತು. ಅದರ ಜಾಗದಲ್ಲಿ ಎರಡನೆಯದನ್ನು ಇಟ್ಟಳು. ವೈರನ್ನು ಎಲ್ಲಿಗೂ ಸಿಕ್ಕಿಸಲಿಲ್ಲ. ತುದಿಯನ್ನು ಚಾಪೆಯ ಕೆಳಗೆ ತೂರಿಸಿದಳು.

ಸ್ಸರ್... ಟ್ರೇ ಹೊರಗೆ ಬಂತು.

ಅವಳು ದನಿ ಏರಿಸಲಿಲ್ಲ. "ತೆಗಿ. ಎಷ್ಟು ಸಲ ಬೇಕಾದ್ರೂ ತೆಗಿ. ಬೆಳಿಗ್ಗೆ ಇದು ಖಾಡಿಗೆ ಹೋಗ್ತದೆ, ಆಮೇಲೆ ಏಡಿಗಳ ಜೊತೆ ಆಡ್ಕೊ. ಇಲ್ಲಿ ಆಡ್ಬೇಕಂದ್ರೆ ಬಾಲ್ ಹಾಕು. ಇವತ್ತು ನನ್ನ ಬ್ಯಾಟಿಂಗ್."

ಫ್ಯಾನ್ ಕಿರ್... ಕಿರ್... ಅನ್ನುತ್ತಿತ್ತು. ದೂರದಲ್ಲಿ ಕೊನೆಯ ಲೋಕಲ್ ಹಾರ್ನ್ ಹಾಕಿ ಹೋಯಿತು. ತೆರೆದ ಟ್ರೇಯಲ್ಲಿ ಸೀಡಿ ಹೊಳೆಯುತ್ತಿತ್ತು. ಅವಳು ಕಣ್ಣು ಮಿಟುಕಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ... ಸ್ಸರ್. ಕ್ಲಕ್.

ಜ್ಜೂಂ.

ಎದುರಿನ ರಿಮೋಟ್, ಕನೆಕ್ಷನ್ನೇ ಇಲ್ಲದ್ದು, ಟಿಕ್ ಅಂದಿತು. ಪರದೆಯಲ್ಲಿ ಬೋಲರ್ ಓಡಿಬಂದ. ಮೊದಲ ಬಾಲಿಗೇ ಇವಳು ಬೋಲ್ಡ್.

"ಟ್ರಯಲ್ ಬಾಲ್," ಅಂದಳು, ಮತ್ತೆ ಶುರು ಮಾಡಿದಳು. ಮೊದಲ ಬಾಲ್ ಲೆಕ್ಕಕ್ಕಿಲ್ಲ ಅನ್ನುವ ಆ ನ್ಯಾಯ ಅವನೇ ಕಲಿಸಿದ್ದು.

ಎದುರುಗಡೆ ಯಾರೋ ಮೂಗಿನಲ್ಲಿ ಉಸಿರು ಬಿಟ್ಟರು. ಆಮೇಲೆ ಟಿಕ್... ಬೋಲರ್ ಓಡಿಬಂದ. ಟಿಕ್... ಮತ್ತೆ ಓಡಿಬಂದ. ಇವಳು ಹೊಡೆದಳು, ಔಟಾದಳು, ಟ್ರಯಲ್ ಅಂದಳು, ಮತ್ತೆ ಹೊಡೆದಳು. ಬೆಳಗಿನ ತನಕ ಬ್ಯಾಟ್ ಬಿಟ್ಟುಕೊಡಲಿಲ್ಲ. ಆಮೇಲಾಮೇಲೆ ಟಿಕ್ ಅನ್ನುವ ಸದ್ದು ಜೋರಾಯಿತು, ಗುಂಡಿಯ ಮೇಲೆ ಕೋಪ ತೀರಿಸಿಕೊಂಡಂತೆ. ಇವಳಿಗೆ ನಗು ಬಂತು. ನಗುತ್ತಲೇ ಅಲ್ಲೇ ನಿದ್ದೆ ಹೋದಳು.

ಹಾಲಿನವನು ಬೆಲ್ ಮಾಡಿದಾಗ ಅಮ್ಮ ಎದ್ದು ಬಂದರು. ಟಿವಿಯಲ್ಲಿ ಮೈದಾನ ಹಾಗೇ ಇತ್ತು, ಸೀಡಿ ಸಲೀಸಾಗಿ ತಿರುಗುತ್ತಿತ್ತು. ಖಾಡಿಯ ಮಾತು ಆಮೇಲೆ ಎಂದೂ ಬರಲಿಲ್ಲ. ಆ ಗೇಮ್‌ನಲ್ಲಿ ಅಶ್ಮಿತಾ ಕಾಲೇಜು ಮುಗಿಯುವ ತನಕ ಆಡಿದಳು, ಒಂದನೇ ರಿಮೋಟಿನಲ್ಲೇ.

ಇದು ಕಟ್ಟಿದ ಕತೆ ಅನ್ನುವವರಿಗೆ ಹೇಳುವುದು ಇಷ್ಟೇ. ಅವತ್ತು ಚಾಪೆ ಮಡಚುವಾಗ ಅಮ್ಮ ಎರಡನೇ ರಿಮೋಟ್ ಎತ್ತಿದರು. ಅದರ ವೈರಿಗೆ ಈ ತುದಿಯಿಂದ ಆ ತುದಿಯವರೆಗೆ ಬಿಗಿ ಬಿಗಿ ಗಂಟು. ಅಮ್ಮ ಮಧ್ಯಾಹ್ನದವರೆಗೆ ಕುಳಿತು ಉಗುರಿನಿಂದ ಒಂದೊಂದಾಗಿ ಬಿಚ್ಚಿದರು. ಪಿನ್ನಿನ ಹತ್ತಿರದ ಗಂಟೊಂದು ಮಾತ್ರ ಬಿಚ್ಚಲಾಗಲಿಲ್ಲ. ಅದು ಈಗಲೂ ಹಾಗೇ ಇದೆ. ಹೋಗಿ ಕೇಳಿದರೆ ದೊಡ್ಡಮ್ಮ ತೋರಿಸುತ್ತಾರೆ.